ಲೆಕ್ಕಕ್ಕೆ ಸಿಗದ ಮೂರನೆಯ ಪಾಲು



ಅಂಗಡಿಯ ಲೆಕ್ಕ ಬರೆದವರಿಗೆ ಒಂದು ಸಂಕಟ ಚೆನ್ನಾಗಿ ಗೊತ್ತು. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಖಾತೆ ಪುಸ್ತಕ ಒಂದು ಮೊತ್ತ ಹೇಳುತ್ತದೆ, ಗಲ್ಲಾಪೆಟ್ಟಿಗೆ ಇನ್ನೊಂದು ಹೇಳುತ್ತದೆ. ನಾಲ್ಕು ಕಾಸಿನ ವ್ಯತ್ಯಾಸಕ್ಕೆ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ರೂಪಾಯಿಗೆ ಐದಾಣೆ ನಾಲ್ಕು ಪೈ ಕಡಿಮೆ ಬಂದರೆ? ಆಣೆ ಪೈಗಳ ಕಾಲ ಕಂಡವರು ತಕ್ಷಣ ಹೇಳುತ್ತಾರೆ, ಅದು ಸರಿಯಾಗಿ ಮೂರರಲ್ಲೊಂದು ಪಾಲು. ಅಷ್ಟು ಹೋದರೆ ಎಲ್ಲಿ ಹೋಯಿತೆಂದು ಹುಡುಕಲೇಬೇಕು. ಇಂದು ನಾನು ಹೇಳಹೊರಟಿರುವುದು ಅಂಥದೇ ಒಂದು ಲೆಕ್ಕದ ವಿಚಾರ. ಇಲ್ಲಿ ಅಂಗಡಿಯೆಂದರೆ ಒಂದು ಹರಳು, ಕಾಸೆಂದರೆ ಶಾಖ. ಹರಳಿನ ಹೆಸರು ಡಿಸ್ಪ್ರೋಸಿಯಂ ಟೈಟನೇಟ್.

ಹೆಸರು ಕೇಳಿ ರೇಡಿಯೋ ಆರಿಸಬೇಡಿ. ಡಿಸ್ಪ್ರೋಸಿಯಂ, ಟೈಟಾನಿಯಂ, ಆಮ್ಲಜನಕ ಮೂರೂ ಸೇರಿದ ಆಕ್ಸೈಡ್ ಅದು, ಅಷ್ಟೆ. ಡಿಸ್ಪ್ರೋಸಿಯಂ ವಿರಳ ಭೂಧಾತುಗಳ ಕುಟುಂಬದ ಸದಸ್ಯ. 1886ರಲ್ಲಿ ಅದನ್ನು ಪತ್ತೆ ಮಾಡಿದ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್, ಪಟ್ಟ ಪಾಡನ್ನೆಲ್ಲ ಹೆಸರಿನಲ್ಲೇ ತುಂಬಿದ. ಗ್ರೀಕ್ ಮೂಲದಲ್ಲಿ ಆ ಪದಕ್ಕೆ 'ಕೈಗೆ ಸಿಗುವುದು ಕಷ್ಟ' ಎಂದು ಅರ್ಥ. ಈ ಕುಟುಂಬದ ನಾಲ್ವರಿಗೆ, ಎಂದರೆ ಯಿಟ್ರಿಯಂ, ಟರ್ಬಿಯಂ, ಎರ್ಬಿಯಂ, ಯಿಟರ್ಬಿಯಂಗಳಿಗೆ, ಸ್ವೀಡನ್ನಿನ ಇಟರ್ಬಿ ಎಂಬ ಒಂದೇ ಪುಟ್ಟ ಊರಿನ ಹೆಸರನ್ನು ತಿರುಚಿ ತಿರುಚಿ ಇಟ್ಟಿದ್ದಾರೆ. ಹೆಸರಿಡುವುದರಲ್ಲಿ ರಸಾಯನಶಾಸ್ತ್ರಜ್ಞರು ಅಂಥ ಜಿಪುಣರು! ವಿದ್ಯುತ್ ಕಾರಿನ ಮೋಟಾರಿಗೆ, ಗಾಳಿಯಂತ್ರಕ್ಕೆ ಬೇಕಾದ ಬಲವಾದ ಅಯಸ್ಕಾಂತಗಳಲ್ಲಿ ಡಿಸ್ಪ್ರೋಸಿಯಂ ಇರುವುದರಿಂದ ಈಗ ಅದು ದೇಶದೇಶಗಳ ನಡುವಿನ ಮಾತುಕತೆಯಲ್ಲೂ ಕೇಳಿಬರುತ್ತದೆ. ನಾನು ಹೇಳುವ ಹರಳಿನಲ್ಲಿರುವ ಡಿಸ್ಪ್ರೋಸಿಯಂ ಮಾತ್ರ ಯಾವ ಕಾರನ್ನೂ ಓಡಿಸುವುದಿಲ್ಲ. ಅದಕ್ಕೆ ತನ್ನ ಪಾಡೇ ಸಾಕಾಗಿದೆ.

ಅಯಸ್ಕಾಂತ ಗುಣವಿರುವ ಪ್ರತಿ ಪರಮಾಣುವನ್ನೂ ಒಂದು ಪುಟ್ಟ ಸೂಜಿಗಲ್ಲು ಎಂದುಕೊಳ್ಳಿ. ಬಿಸಿ ಹೆಚ್ಚಿದ್ದಾಗ ಈ ಸೂಜಿಗಳು ಸಂತೆಯ ಜನರಂತೆ ಒಂದೊಂದೂ ಒಂದೊಂದು ಕಡೆ ಮುಖ ಮಾಡಿರುತ್ತವೆ. ತಣಿಸುತ್ತ ಹೋದರೆ ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಎಲ್ಲವೂ ಸಾಲಿಗೆ ಬಂದು ನಿಲ್ಲುತ್ತವೆ. ಕಬ್ಬಿಣದಲ್ಲಿ ಇದು 770 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆಗುತ್ತದೆ, ಅದಕ್ಕೇ ಕಬ್ಬಿಣದ ಮೊಳೆ ನಮ್ಮ ಕೋಣೆಯ ಸೆಕೆಯಲ್ಲೂ ಅಯಸ್ಕಾಂತಕ್ಕೆ ಅಂಟುತ್ತದೆ. ಬೇರೆ ಕೆಲವು ಹರಳುಗಳಲ್ಲಿ ಅಕ್ಕಪಕ್ಕದ ಸೂಜಿಗಳು ಒಂದಕ್ಕೊಂದು ಎದುರು ಮುಖವಾಗಿ ನಿಲ್ಲಬಯಸುತ್ತವೆ. ಅದೂ ಒಂದು ಬಗೆಯ ಶಿಸ್ತೇ. ಚದುರಂಗದ ಮಣೆಯಲ್ಲಿ ಕಪ್ಪಿನ ಪಕ್ಕ ಬಿಳಿ, ಬಿಳಿಯ ಪಕ್ಕ ಕಪ್ಪು ಇದ್ದಂತೆ.

ತೊಂದರೆ ಶುರುವಾಗುವುದು ಮಣೆಯ ಮನೆಗಳು ಚೌಕವಾಗಿರದೆ ತ್ರಿಕೋನವಾದಾಗ. ತ್ರಿಕೋನದ ಮೂರು ಮೂಲೆಗೆ ಮೂರು ಕಂಬ ನೆಟ್ಟಿದ್ದೀರಿ, ನಿಮ್ಮ ಬಳಿ ಎರಡೇ ಬಣ್ಣ ಇದೆ, ಪಕ್ಕದ ಕಂಬಕ್ಕೆ ಅದೇ ಬಣ್ಣ ಬಳಿಯಬಾರದು ಎಂಬ ಕಟ್ಟಳೆ. ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ಹಸಿರು. ಮೂರನೆಯದಕ್ಕೆ? ಯಾವುದನ್ನು ಬಳಿದರೂ ಒಬ್ಬರ ಜೊತೆ ತಕರಾರು. ಇದಕ್ಕೆ ಇಂಗ್ಲಿಷಿನಲ್ಲಿ ಫ್ರಸ್ಟ್ರೇಷನ್ ಎಂಬ ಪದ ಬಂದದ್ದು 1977ರಲ್ಲಿ, ಫ್ರಾನ್ಸಿನ ಭೌತವಿಜ್ಞಾನಿ ಜೆರಾರ್ ಟುಲೂಸ್ ಅವರಿಂದ. ಕನ್ನಡದಲ್ಲಿ ಇದನ್ನು 'ಹತಾಶೆ' ಎಂದು ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹತಾಶನಾದವನು ಕೈಚೆಲ್ಲಿ ಕೂರುತ್ತಾನೆ. ಇಲ್ಲಿ ಯಾರೂ ಕೈಚೆಲ್ಲಿಲ್ಲ, ಎಲ್ಲರೂ ಪೇಚಿಗೆ ಸಿಕ್ಕಿದ್ದಾರೆ. ಆದ್ದರಿಂದ ನಾನು 'ಪೇಚಾಟ' ಎನ್ನುತ್ತೇನೆ. ಹರಳಿನ ಆಕಾರದಿಂದಲೇ ಬಂದ ಪೇಚಾಟ.

ತ್ರಿಕೋನಗಳ ಹಾಸಿನ ಮೇಲೆ ಇಂಥ ಸೂಜಿಗಳನ್ನಿಟ್ಟರೆ ನಿರಪೇಕ್ಷ ಶೂನ್ಯದಲ್ಲೂ ಅವು ಒಂದು ತೀರ್ಮಾನಕ್ಕೆ ಬರುವುದಿಲ್ಲ, ಸಮಾನವಾಗಿ ಒಪ್ಪಬಹುದಾದ ಜೋಡಣೆಗಳು ಅಸಂಖ್ಯ ಉಳಿದುಬಿಡುತ್ತವೆ ಎಂದು 1950ರಲ್ಲಿ ಗ್ರೆಗರಿ ವಾನಿಯೇ ಲೆಕ್ಕ ಹಾಕಿ ತೋರಿಸಿದರು. ಆ ಲೇಖನದ ಕೊನೆಯ ಅಂಕಿಯಲ್ಲಿ ಒಂದು ಸಣ್ಣ ತಪ್ಪಿತ್ತು. ಅವರೇ ಅದನ್ನು ತಿದ್ದಿ ಪ್ರಕಟಿಸಿದ್ದು 1973ರಲ್ಲಿ. ಇಪ್ಪತ್ತಮೂರು ವರ್ಷದ ಮೇಲೆ! ಈ ಶಾಸ್ತ್ರದಲ್ಲಿ ಲೆಕ್ಕದ ಪುಸ್ತಕವನ್ನು ಯಾರೂ ಪೂರ್ತಿ ಮುಚ್ಚಿಡುವುದಿಲ್ಲ. ಈ ಮಾತು ನೆನಪಿರಲಿ.

ಈಗ ಲೆಕ್ಕ ಹೇಗಿಡುತ್ತಾರೆ ನೋಡೋಣ. ಒಂದು ವಸ್ತುವಿನ ಒಳಗೆ ಎಷ್ಟು ಬಗೆಯ ಜೋಡಣೆಗಳಿಗೆ ಎಡೆಯಿದೆ ಎಂಬುದರ ಅಳತೆಗೆ ಎಂಟ್ರೊಪಿ ಎನ್ನುತ್ತಾರೆ. ಸ್ವಾರಸ್ಯವೆಂದರೆ ಜೋಡಣೆಗಳನ್ನು ಕಣ್ಣಿಂದ ನೋಡಿ ಎಣಿಸಬೇಕಾಗಿಲ್ಲ. ಹರಳಿಗೆ ಚಿಟಿಕೆಯಷ್ಟು ಶಾಖ ಕೊಡಿ, ಉಷ್ಣತೆ ಎಷ್ಟು ಏರಿತೆಂದು ನೋಡಿ, ಬರೆದುಕೊಳ್ಳಿ. ಮತ್ತೆ ಚಿಟಿಕೆ ಶಾಖ, ಮತ್ತೆ ಬರೆದುಕೊಳ್ಳಿ. ಪ್ರತಿ ಸಲದ ಶಾಖವನ್ನು ಆಗಿನ ಉಷ್ಣತೆಯಿಂದ ಭಾಗಿಸಿ ಕೂಡುತ್ತ ಹೋದರೆ ಒಟ್ಟು ಎಂಟ್ರೊಪಿ ಎಷ್ಟು ಬದಲಾಯಿತೆಂದು ತಿಳಿಯುತ್ತದೆ. ಎರಡೇ ದಿಕ್ಕಿಗೆ ತಿರುಗಬಲ್ಲ ಸೂಜಿಗಳಾದರೆ ಒಂದು ಮೋಲ್ ಪರಮಾಣುಗಳಿಗೆ ಈ ಮೊತ್ತ ಕೆಲ್ವಿನ್ನಿಗೆ 5.76 ಜೂಲ್ ಬರಬೇಕು. ತೀರಾ ತಣ್ಣಗಾದಾಗ ಎಲ್ಲವೂ ಶಿಸ್ತಿಗೆ ಬಂದಿದ್ದವು ಎಂದಾದರೆ ಅಷ್ಟೂ ಕಾಸು ಪೆಟ್ಟಿಗೆಯಲ್ಲಿ ಸಿಕ್ಕಬೇಕು. ಕಡಿಮೆ ಸಿಕ್ಕಿತೇ? ಹಾಗಾದರೆ ತಳದಲ್ಲಿ ಇನ್ನೂ ಗೊಂದಲ ಉಳಿದಿದೆ ಎಂದು ಅರ್ಥ.

ಹೀಗೆ ಕಡಿಮೆ ಬಂದ ಮೊದಲ ಪ್ರಸಿದ್ಧ ಲೆಕ್ಕ ಯಾವ ಅಪರೂಪದ ಹರಳಿನದೂ ಅಲ್ಲ, ನಮ್ಮ ಫ್ರಿಜ್ಜಿನ ಮಂಜುಗಡ್ಡೆಯದು. ಮಂಜುಗಡ್ಡೆಯಲ್ಲಿ ಪ್ರತಿ ಆಮ್ಲಜನಕದ ಸುತ್ತ ನಾಲ್ಕು ನೆರೆಯವರು. ನಾಲ್ಕು ದಿಕ್ಕು ಹೇಗೆಂದರೆ ನೆಗ್ಗಿನ ಮುಳ್ಳಿನ ಹಾಗೆ: ಹೇಗೆ ಬಿದ್ದರೂ ಮೂರು ನೆಲಕ್ಕೂರಿ ಒಂದು ಮೇಲಕ್ಕೆ. ಪ್ರತಿ ಎರಡು ಆಮ್ಲಜನಕಗಳ ನಡುವೆ ಒಂದು ಜಲಜನಕ, ಅದು ಒಬ್ಬರಿಗೆ ಹತ್ತಿರ, ಇನ್ನೊಬ್ಬರಿಗೆ ದೂರ. ಒಂದು ಆಮ್ಲಜನಕಕ್ಕೆ ಎರಡು ಜಲಜನಕ ಹತ್ತಿರ, ಎರಡು ದೂರ ಇರಬೇಕು, ಆಗಲೇ ಅದು ನೀರಿನ ಅಣು. 1933ರಲ್ಲಿ ಬರ್ನಲ್ ಮತ್ತು ಫೌಲರ್ ಈ ನಿಯಮ ಹೇಳಿದರು. ಈ ನಿಯಮ ಪಾಲಿಸುತ್ತಲೇ ಲೆಕ್ಕವಿಲ್ಲದಷ್ಟು ಬಗೆಯಲ್ಲಿ ಜಲಜನಕಗಳನ್ನು ಜೋಡಿಸಬಹುದು ಎಂದು 1935ರಲ್ಲಿ ಲೈನಸ್ ಪಾಲಿಂಗ್ ಕಂಡುಕೊಂಡರು. ಉಳಿಯಬೇಕಾದ ಎಂಟ್ರೊಪಿ ಅವರ ಪ್ರಕಾರ ಮೋಲಿಗೆ ಡಿಗ್ರಿಗೆ 0.805 ಕ್ಯಾಲರಿ. ಮರುವರ್ಷವೇ ಬರ್ಕಲಿಯಲ್ಲಿ ವಿಲಿಯಂ ಜಿಯೋಕ್ ಮತ್ತು ಸ್ಟೌಟ್ ಮಂಜುಗಡ್ಡೆಯನ್ನು ಅಳೆದರು. ಸಿಕ್ಕಿದ್ದು 0.82. ಕಾಗದದ ಮೇಲಿನ ಎಣಿಕೆಯೊಂದು ಪ್ರಯೋಗಕ್ಕೆ ಇಷ್ಟು ಹತ್ತಿರ ಬರುವುದು ಅಪರೂಪ. ಅಂದಹಾಗೆ ಇದೇ ಜಿಯೋಕ್ 1933ರಲ್ಲಿ ಗಡೋಲಿನಿಯಂ ಸಲ್ಫೇಟ್ ಎಂಬ ವಿರಳ ಭೂಧಾತುವಿನ ಲವಣ ಬಳಸಿ ನಿರಪೇಕ್ಷ ಶೂನ್ಯದಿಂದ ಕಾಲು ಡಿಗ್ರಿಯಷ್ಟು ದೂರದವರೆಗೆ ತಣಿಸಿ ತೋರಿಸಿದ್ದವರು. ಮಂಜುಗಡ್ಡೆಯ ಲೆಕ್ಕವೂ ವಿರಳ ಭೂಧಾತುವಿನ ಅಯಸ್ಕಾಂತವೂ ಒಬ್ಬರ ಪ್ರಯೋಗಶಾಲೆಯಲ್ಲೇ ಓಡಾಡುತ್ತಿದ್ದವು. ಎರಡಕ್ಕೂ ನಂಟಿದೆ ಎಂಬುದು ಮಾತ್ರ ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ನಂಟಿನ ಎಳೆಯನ್ನು 1956ರಲ್ಲಿ ಫಿಲಿಪ್ ಆಂಡರ್ಸನ್ ಹಿಡಿದರು. ಆ ನಂಟು ಏನೆಂದು ತಿಳಿಯಲು ನಮ್ಮ ಹರಳಿಗೆ ಬರೋಣ. ಮೂರು ನಿಂಬೆಹಣ್ಣು ಜೋಡಿಸಿ ಮೇಲೊಂದು ಇಡಿ. ನಾಲ್ಕರ ನಡುಬಿಂದುಗಳನ್ನು ಸೇರಿಸಿದರೆ ಸಿಗುವ ಆಕಾರವೇ ಚತುಷ್ಫಲಕ. ಡಿಸ್ಪ್ರೋಸಿಯಂ ಟೈಟನೇಟಿನಲ್ಲಿ ಇಂಥ ಚತುಷ್ಫಲಕಗಳು ಮೂಲೆಗೆ ಮೂಲೆ ತಾಗಿಕೊಂಡು ಹರಳು ತುಂಬ ಹಬ್ಬಿವೆ, ಪ್ರತಿ ಮೂಲೆಯಲ್ಲೂ ಒಂದು ಡಿಸ್ಪ್ರೋಸಿಯಂ. ಈ ಕಟ್ಟಡಕ್ಕೆ ಪೈರೋಕ್ಲೋರ್ ರಚನೆ ಎಂದು ಹೆಸರು. ರೇಡಿಯೋದಲ್ಲಿ ಚಿತ್ರ ಬರೆದು ತೋರಿಸಲಾಗದು, ಆದ್ದರಿಂದ ಹಳೆಯ ಬೆಂಗಳೂರಿನ ಒಂದು ವಠಾರವನ್ನು ನೆನೆಸಿಕೊಳ್ಳಿ. ಪ್ರತಿ ಕೋಣೆಗೂ ನಾಲ್ಕು ಬಾಗಿಲು. ಎಲ್ಲವೂ ನಡುಗೋಡೆಯ ಬಾಗಿಲುಗಳೇ, ಒಂದೊಂದೂ ಎರಡು ಕೋಣೆಗಳಿಗೆ ಸೇರಿದ್ದು. ನನ್ನ ಕೋಣೆಯ ಒಳಕ್ಕೆ ತೆರೆಯುವ ಬಾಗಿಲು ಪಕ್ಕದವರ ಪಾಲಿಗೆ ಹೊರಕ್ಕೆ ತೆರೆಯುವ ಬಾಗಿಲು. ಚತುಷ್ಫಲಕವೇ ಕೋಣೆ, ಡಿಸ್ಪ್ರೋಸಿಯಂನ ಸೂಜಿಯೇ ಬಾಗಿಲು. ಸುತ್ತಲಿನ ಆಮ್ಲಜನಕಗಳ ಬಿಗಿಯಿಂದಾಗಿ ಸೂಜಿ ಬೇರೆ ಯಾವ ಕಡೆಗೂ ವಾಲುವಂತಿಲ್ಲ, ಈ ಕೋಣೆಯ ನಡುವಿಗೋ ಆ ಕೋಣೆಯ ನಡುವಿಗೋ ಮುಖ ಮಾಡಬೇಕು.

ಬಾಗಿಲುಗಳು ಎದುರುಬದುರಿನ ಮನೋಭಾವದವಾಗಿದ್ದರೆ ಜಗಳವೇ ಇರುತ್ತಿರಲಿಲ್ಲ. ಒಂದು ಕೋಣೆಗೆ ನಾಲ್ಕೂ ಒಳಕ್ಕೆ, ಪಕ್ಕದ ಕೋಣೆಗೆ ನಾಲ್ಕೂ ಹೊರಕ್ಕೆ, ಮುಗಿಯಿತು, ವಠಾರವೆಲ್ಲ ಒಂದೇ ಕ್ರಮ. ವಿಚಿತ್ರವೆಂದರೆ ಇಲ್ಲಿ ಸೂಜಿಗಳು ಸ್ನೇಹಪರ, ಕಬ್ಬಿಣದವುಗಳಂತೆ ಒಂದೇ ದಿಕ್ಕಿಗೆ ಹೊರಳಲು ಬಯಸುವವು. ಪೇಚಾಟ ಬಂದಿರುವುದೇ ಆ ಸ್ನೇಹದಿಂದ. ನಾಲ್ಕು ಬಾಗಿಲಿನಲ್ಲಿ ಎರಡು ಒಳಕ್ಕೆ, ಎರಡು ಹೊರಕ್ಕೆ ಇದ್ದರೆ ಸಾಕಷ್ಟು ಸಮಾಧಾನ, ಪೂರ್ತಿ ಸಮಾಧಾನ ಸಾಧ್ಯವೇ ಇಲ್ಲ. ನಾಲ್ಕು ಬಾಗಿಲಿಗೆ ಒಟ್ಟು ಹದಿನಾರು ಸಾಧ್ಯತೆ, ಈ ನಿಯಮಕ್ಕೆ ಒಪ್ಪುವಂಥವು ಆರು. ಮಂಜುಗಡ್ಡೆಯ ಎರಡು ಹತ್ತಿರ, ಎರಡು ದೂರದ ನಿಯಮವೇ ಬೇರೆ ವೇಷದಲ್ಲಿ ಬಂದು ನಿಂತಿದೆ.

ಇದನ್ನು ಮೊದಲು ಗುರುತಿಸಿದ್ದು ಡಿಸ್ಪ್ರೋಸಿಯಂನಲ್ಲಲ್ಲ, ಅದರ ಪಕ್ಕದ ಮನೆಯ ಹೋಲ್ಮಿಯಂನಲ್ಲಿ. 1997ರಲ್ಲಿ ಮಾರ್ಕ್ ಹ್ಯಾರಿಸ್, ಸ್ಟೀವನ್ ಬ್ರಾಮ್ವೆಲ್ ಮತ್ತು ಸಂಗಡಿಗರು ಹೋಲ್ಮಿಯಂ ಟೈಟನೇಟನ್ನು 0.05 ಕೆಲ್ವಿನ್‌ವರೆಗೆ ಎಂದರೆ ನಿರಪೇಕ್ಷ ಶೂನ್ಯದ ಅಂಚಿನವರೆಗೆ ತಣಿಸಿದರೂ ಅದು ಸಾಲಿಗೆ ಬಂದು ನಿಲ್ಲಲಿಲ್ಲ ಎಂದು ವರದಿ ಮಾಡಿದರು. ಅವರು ಇಟ್ಟ ಹೆಸರು ಸ್ಪಿನ್ ಐಸ್. ನಾವು ಸೂಜಿಮಂಜು ಎನ್ನೋಣ. ಆದರೆ ಸಾಲಿಗೆ ಬರಲಿಲ್ಲ ಎನ್ನುವುದು ಒಂದು ಮಾತು, ಎಷ್ಟು ಗೊಂದಲ ಉಳಿಯಿತು ಎಂದು ಎಣಿಸಿ ಹೇಳುವುದು ಇನ್ನೊಂದು.

ಆ ಎಣಿಕೆ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಲೇಖಕರು ಐವರು: ಆರ್ಥರ್ ರಮಿರೆಜ್, ಹಯಾಶಿ, ರಾಬರ್ಟ್ ಕಾವಾ, ರಾಹುಲ್ ಸಿದ್ಧಾರ್ಥನ್ ಮತ್ತು ಶ್ರೀರಾಮ ಶಾಸ್ತ್ರಿ. ಕೊನೆಯ ಇಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನವರು. ಅಳತೆ ಅಮೆರಿಕದಲ್ಲಿ, ಸಿದ್ಧಾಂತದ ಲೆಕ್ಕ ನಮ್ಮ ಮಲ್ಲೇಶ್ವರ ಯಶವಂತಪುರಗಳ ಮಗ್ಗುಲಲ್ಲಿ. ಈ ಸಂಗತಿ ನಮ್ಮ ಊರಿನಲ್ಲಿ ಇರಬೇಕಾದಷ್ಟು ಪ್ರಸಿದ್ಧವಾಗಿಲ್ಲ ಎಂದು ನನಗೊಂದು ಬೇಸರ. 0.2 ಕೆಲ್ವಿನ್ನಿನಿಂದ 12 ಕೆಲ್ವಿನ್‌ವರೆಗೆ ಚಿಟಿಕೆ ಚಿಟಿಕೆ ಶಾಖ ಕೂಡಿಸಿದಾಗ ಬರಬೇಕಿದ್ದ 5.76ರ ಬದಲು ಬಂದದ್ದು 3.9 ಜೂಲ್. ನೂರಕ್ಕೆ 67. ಐದಾಣೆ ನಾಲ್ಕು ಪೈ ಕಾಣೆ! ಪಾಲಿಂಗ್ ಮಂಜುಗಡ್ಡೆಗೆ ಮಾಡಿದ ಎಣಿಕೆಯನ್ನೇ ಇಲ್ಲಿಗೆ ಹೊಂದಿಸಿದರೆ ಕಾಣೆಯಾಗಬೇಕಿದ್ದದ್ದು ನೂರಕ್ಕೆ 29. ಅರುವತ್ತನಾಲ್ಕು ವರ್ಷ ಹಳೆಯ, ನೀರಿಗಾಗಿ ಮಾಡಿದ ಕೈಲೆಕ್ಕ ಅಯಸ್ಕಾಂತಕ್ಕೆ ಇಷ್ಟು ಸಮೀಪ ಬಂತು. ಹೊರಗಿನಿಂದ ಅಯಸ್ಕಾಂತ ಕ್ಷೇತ್ರ ಹಾಕಿ ಸೂಜಿಗಳಿಗೆ ಗದರಿದಾಗ ಕಾಣೆಯಾದದ್ದರಲ್ಲಿ ಬಹುಪಾಲು ವಾಪಸೂ ಬಂತು. ಅಂದರೆ ಅದು ಕಳೆದುಹೋಗಿರಲಿಲ್ಲ, ವಠಾರದ ಅಸಂಖ್ಯ ಸಮಾನ ಜೋಡಣೆಗಳಲ್ಲಿ ಅಡಗಿ ಕೂತಿತ್ತು.

ಇಲ್ಲೊಂದು ತೊಡಕಿದೆ. ಡಿಸ್ಪ್ರೋಸಿಯಂನ ಸೂಜಿ ಬಲಶಾಲಿ, ಕಬ್ಬಿಣದ ಪರಮಾಣುವಿನದಕ್ಕಿಂತ ನಾಲ್ಕೈದು ಪಟ್ಟು. ಅಷ್ಟು ಬಲವಿದ್ದರೆ ಅದು ಪಕ್ಕದ ಬಾಗಿಲನ್ನು ಮಾತ್ರವಲ್ಲ, ನಾಲ್ಕು ಕೋಣೆಯಾಚೆಯ ಬಾಗಿಲನ್ನೂ ಎಳೆಯಬೇಕು. ಈ ದೂರದ ಎಳೆತವನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ ಎಂದು ಬೆಂಗಳೂರಿನವರು ಆಗಲೇ ಒತ್ತಿ ಹೇಳಿದ್ದರು. ದೂರದವರು ಎಳೆದರೆ ಆರು ಸಾಧ್ಯತೆಗಳ ಸಮಾನತೆ ಕೆಡಬೇಕು, ಯಾವುದೋ ಒಂದು ಜೋಡಣೆ ಗೆಲ್ಲಬೇಕು. ಆದರೆ ಬೈರನ್ ಡೆನ್ ಹೆರ್ಟಾಗ್ ಮತ್ತು ಮಿಷೆಲ್ ಗಿಂಗ್ರಾಸ್ 2000ದಲ್ಲಿ ಎಲ್ಲ ದೂರಗಳ ಎಳೆತವನ್ನೂ ಕೂಡಿಸಿ ನೋಡಿದಾಗ, ಅವು ಬಹುಮಟ್ಟಿಗೆ ಒಂದನ್ನೊಂದು ಮರೆಸಿಬಿಡುತ್ತವೆ ಎಂದು ತಿಳಿಯಿತು. ಬಹುಮಟ್ಟಿಗೆ, ಪೂರ್ತಿಯಲ್ಲ. ಮರುವರ್ಷ ರೋಜರ್ ಮೆಲ್ಕೊ ಜೊತೆ ಸೇರಿ ಅವರು ಗಣಕದಲ್ಲಿ ಇನ್ನೂ ತಣಿಸುತ್ತ ಹೋದರು. ಸುಮಾರು 0.18 ಕೆಲ್ವಿನ್ನಿನಲ್ಲಿ ಇಡೀ ವಠಾರ ಕ್ರಮಕ್ಕೆ ಬಂದುಬಿಟ್ಟಿತು! ಗೊಂದಲದ ತಳದಲ್ಲಿ ಒಂದು ಶಿಸ್ತು ಇದ್ದೇ ಇತ್ತು.

ಹಾಗಾದರೆ ನಿಜವಾದ ಹರಳು ಅಲ್ಲಿಗೆ ಏಕೆ ಹೋಗುವುದಿಲ್ಲ? ಒಂದು ಬಾಗಿಲನ್ನು ತಿರುಗಿಸಿ ನೋಡಿ. ಒಂದು ಕೋಣೆಯಲ್ಲಿ ಮೂರು ಒಳಕ್ಕೆ ಒಂದು ಹೊರಕ್ಕೆ ಆಗುತ್ತದೆ, ಪಕ್ಕದ ಕೋಣೆಯಲ್ಲಿ ಅದಕ್ಕೆ ತಿರುಗುಮುರುಗು. ನಿಯಮ ಎರಡು ಕಡೆ ಮುರಿಯಿತು, ದಂಡ ಕಟ್ಟಬೇಕು. ನಿಯಮ ಮುರಿಯದೆ ಜೋಡಣೆ ಬದಲಿಸಬೇಕಾದರೆ ಕಡಿಮೆಯೆಂದರೂ ಆರು ಕೋಣೆಗಳ ಸುತ್ತು ಹಾಕಿ ಆರು ಬಾಗಿಲುಗಳನ್ನು ಒಟ್ಟಿಗೆ ತಿರುಗಿಸಬೇಕು. ಗಣಕಕ್ಕೆ ಅದು ಕಷ್ಟವಲ್ಲ, ಆ ಮೂವರು ಹಾಗೇ ಆಜ್ಞೆ ಕೊಟ್ಟಿದ್ದರು. ಹರಳಿನಲ್ಲಿ ಆರು ಬಾಗಿಲಿಗೆ ಏಕಕಾಲಕ್ಕೆ ಕೂಗಿ ಹೇಳುವವರು ಯಾರೂ ಇಲ್ಲ. ಒಂದೊಂದೇ ತಿರುಗಬೇಕು, ಮೊದಲ ಹೆಜ್ಜೆಗೇ ದಂಡ. ತೀರಾ ತಣ್ಣಗಿರುವಲ್ಲಿ ದಂಡ ಕಟ್ಟಲು ಶಾಖದ ಕಾಸಿರುವುದಿಲ್ಲ. ದಾರಿ ಗೊತ್ತಿದ್ದೂ ಬಸ್ಸಿಗೆ ಚಿಲ್ಲರೆ ಇಲ್ಲದ ಸ್ಥಿತಿ.

ಈ ಮುರಿದ ಎರಡು ಕೋಣೆಗಳೇ 2008ರಲ್ಲಿ ದೊಡ್ಡ ಸುದ್ದಿಯಾದವು. ಒಮ್ಮೆ ಮುರಿದ ಮೇಲೆ ಪಕ್ಕದ ಇನ್ನೊಂದು ಬಾಗಿಲು ತಿರುಗಿದರೆ ಮೊದಲ ಕೋಣೆ ಸರಿಹೋಗಿ, ತಪ್ಪು ಮುಂದಿನ ಕೋಣೆಗೆ ಸರಿಯುತ್ತದೆ. ಹೀಗೆ ಎರಡು ತಪ್ಪುಗಳು ಒಂದನ್ನೊಂದು ಬಿಟ್ಟು ವಠಾರದಲ್ಲೆಲ್ಲ ಅಲೆಯಬಹುದು. ಕ್ಲಾಡಿಯೊ ಕ್ಯಾಸ್ಟೆಲ್ನೊವೊ, ರೋಡೆರಿಕ್ ಮೋಸ್ನರ್, ಶಿವಾಜಿ ಸೋಂಧಿ ತೋರಿಸಿದ್ದೇನೆಂದರೆ, ಒಂದು ತಪ್ಪು ಒಂಟಿ ಉತ್ತರ ಧ್ರುವದಂತೆಯೂ ಇನ್ನೊಂದು ಒಂಟಿ ದಕ್ಷಿಣ ಧ್ರುವದಂತೆಯೂ ವರ್ತಿಸುತ್ತವೆ. ಅಯಸ್ಕಾಂತವನ್ನು ಎಷ್ಟು ತುಂಡು ಮಾಡಿದರೂ ಪ್ರತಿ ತುಂಡಿಗೂ ಎರಡು ಧ್ರುವ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಒಂಟಿ ಧ್ರುವ ಇರಬಹುದೆಂದು 1931ರಲ್ಲಿ ಡಿರಾಕ್ ಊಹಿಸಿದ್ದರು. 2009ರಲ್ಲಿ ಗ್ರೆನೋಬಲ್ ಮತ್ತು ಬರ್ಲಿನ್ನಿನ ನ್ಯೂಟ್ರಾನ್ ಕೇಂದ್ರಗಳಿಂದ ಈ ಹರಳುಗಳ ಒಳಗೆ ಅವುಗಳ ಜಾಡು ಸಿಕ್ಕಿದ ವರದಿಗಳು ಬಂದಾಗ ಪತ್ರಿಕೆಗಳು ಸಂಭ್ರಮಿಸಿದವು. ನನ್ನದು ಸ್ವಲ್ಪ ತಣ್ಣನೆಯ ಸಂಭ್ರಮ. ಇವು ಡಿರಾಕ್ ಹೇಳಿದ ಮೂಲಕಣಗಳಲ್ಲ, ಹರಳಿನ ಹೊರಗೆ ಇವಕ್ಕೆ ಬದುಕಿಲ್ಲ, ಒಂಟಿ ಧ್ರುವಕ್ಕೆ ಎಡೆಗೊಡದ ಮ್ಯಾಕ್ಸ್‌ವೆಲ್ಲನ ಸಮೀಕರಣ ಎಲ್ಲೂ ಮುರಿದಿಲ್ಲ. ಇವು ವಠಾರದ ತಪ್ಪುಗಳು. ತಪ್ಪೊಂದು ಕಣದ ಹಾಗೆ ಓಡಾಡುತ್ತದಲ್ಲ, ಅಷ್ಟು ಸಾಕು ನನಗೆ.

ಡಿಸ್ಪ್ರೋಸಿಯಂ ಜಾಗಕ್ಕೆ ಕುಟುಂಬದ ಬೇರೆಯವರನ್ನು ಕೂರಿಸಿದರೆ ಬೇರೆಯದೇ ನಾಟಕ. ಗಡೋಲಿನಿಯಂ ಟೈಟನೇಟ್ ಸುಮಾರು 1 ಕೆಲ್ವಿನ್ನಿನಲ್ಲಿ ಎರಡು ಹಂತವಾಗಿ ಸಾಲಿಗೆ ಬರುತ್ತದೆ. ಎರ್ಬಿಯಂನದು 1.2ರಲ್ಲಿ, ಅದೂ ಶಾಖದ ಮತ್ತು ಕ್ವಾಂಟಂ ಅಲುಗಾಟವೇ ಒಂದು ಜೋಡಣೆಯನ್ನು ಆರಿಸಿಕೊಡುತ್ತದೆ ಎಂಬ ವಿವರಣೆಯೊಂದಿಗೆ. ಗದ್ದಲವೇ ಶಿಸ್ತು ತರುವುದು! ಟರ್ಬಿಯಂ ಮಾತ್ರ ಪಟ್ಟು ಬಿಡದೆ 0.05 ಕೆಲ್ವಿನ್ನಿನಲ್ಲೂ ಚಂಚಲ. ಯಿಟರ್ಬಿಯಂನದು ಹರಳು ಬೆಳೆಸಿದವರ ಕೈಗುಣದ ಮೇಲೆ ಬದಲಾಗುತ್ತದೆ, ನೂರಕ್ಕೆ ಒಂದೆರಡು ಪರಮಾಣು ತಪ್ಪು ಜಾಗದಲ್ಲಿ ಕೂತರೂ ಫಲಿತಾಂಶವೇ ಬೇರೆ. ಆದ್ದರಿಂದ ಈ ಶಾಸ್ತ್ರದಲ್ಲಿ ಹರಳು ಬೆಳೆಸುವವರಿಗೆ ಸಿದ್ಧಾಂತಿಗಳಿಗಿಂತ ಒಂದು ಮಣೆ ಎತ್ತರ ಹಾಕಬೇಕು ಎಂದು ನನ್ನ ಅಭಿಪ್ರಾಯ. ಪುಡಿಯನ್ನು ಕಡ್ಡಿಯಂತೆ ಒತ್ತಿ, ಸುಟ್ಟು, ಕನ್ನಡಿಗಳಿಂದ ದೀಪದ ಬೆಳಕನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸಿ, ಕಡ್ಡಿಯ ಆ ಭಾಗವನ್ನಷ್ಟೆ ಕರಗಿಸಿ, ಗಂಟೆಗೆ ಕೆಲವೇ ಮಿಲಿಮೀಟರಿನಂತೆ ಸರಿಸುತ್ತ ಒಂಟಿ ಹರಳನ್ನು ಎಳೆಯುತ್ತಾರೆ. ವಾರಿಕ್ ವಿಶ್ವವಿದ್ಯಾನಿಲಯದ ಗೀತಾ ಬಾಲಕೃಷ್ಣನ್ ಮತ್ತು ಸಂಗಡಿಗರು 1998ರಲ್ಲಿ ಈ ಟೈಟನೇಟುಗಳನ್ನು ಹಾಗೆ ಬೆಳೆಸಿದ ಬಗೆಯನ್ನು ಪ್ರಕಟಿಸಿದ್ದರು. ಆ ಹೆಸರು ಮತ್ತೆ ಬರಲಿದೆ.

ಏಕೆಂದರೆ 2013ರಲ್ಲಿ ಹಳೆಯ ಖಾತೆ ಪುಸ್ತಕವನ್ನು ಮತ್ತೆ ತೆರೆದರು. ಕೆನಡಾದ ವಾಟರ್ಲೂನಲ್ಲಿ ಡೇವಿಡ್ ಪೊಮರಾನ್ಸ್ಕಿ ಮತ್ತು ಸಂಗಡಿಗರು ಕೇಳಿದ್ದು ಬಹಳ ಸರಳವಾದ ಪ್ರಶ್ನೆ: 1999ರವರು ಅವಸರ ಮಾಡಿರಲಿಲ್ಲವೆ? ಇಷ್ಟು ತಣ್ಣಗಿನ ಹರಳಿಗೆ ಶಾಖ ಕೊಟ್ಟರೆ ಅದು ಒಳಗೆಲ್ಲ ಹಂಚಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಬೇಗ ಅಳೆದರೆ ಸ್ವಲ್ಪ ಕಾಸು ಎಣಿಕೆಗೆ ತಪ್ಪಿಹೋಗುತ್ತದೆ. ಅವರು ತಾಳ್ಮೆಯಿಂದ ಕಾದು ಕಾದು ಅಳೆದರು. 0.5 ಕೆಲ್ವಿನ್ನಿನ ಕೆಳಗೆ ಶಾಖ ಹೆಚ್ಚಾಗಿ ಸಿಗತೊಡಗಿತು. ಪಾಲಿಂಗನ ಪಾಲು ಕಾಣೆಯಾಗಿಯೇ ಇಲ್ಲ ಎಂದರು. ಮಂಜುಗಡ್ಡೆಯಲ್ಲಿ ಇಂಥದು ಆಗಿತ್ತು ಕೂಡ: 1982ರಲ್ಲಿ ಜಪಾನಿನ ಒಸಾಕಾದಲ್ಲಿ ಚೂರೇ ಚೂರು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಕಾದಾಗ 72 ಕೆಲ್ವಿನ್ನಿನಲ್ಲಿ ಜಲಜನಕಗಳು ಸಾಲಿಗೆ ಬಂದಿದ್ದವು. ಸೂಜಿಮಂಜಿನ ಗೊಂದಲವೂ ಬರಿಯ ನಮ್ಮ ಅವಸರದ ಫಲವೋ ಎಂಬ ಅನುಮಾನ ಆಗ ಸಹಜ. ಆದರೆ ಗಣಕ ಹೇಳಿದ ಕ್ರಮದ ಉಷ್ಣತೆ 0.2ಕ್ಕಿಂತ ಕೆಳಗೆ, ಇಲ್ಲಿ ಕಾಸು ಸಿಕ್ಕಿದ್ದು 0.5ರಲ್ಲಿ. ಅದೇ ಹೊಂದುತ್ತಿರಲಿಲ್ಲ.

2018ರಲ್ಲಿ ಇಪ್ಪತ್ತು ಮಂದಿಯ ತಂಡವೊಂದು, ಷಾನ್ ಗಿಬ್ಲಿನ್, ಟಾಮ್ ಫೆನೆಲ್, ಬ್ರಾಮ್ವೆಲ್ ಮತ್ತು ಆ ಗೀತಾ ಬಾಲಕೃಷ್ಣನ್ ಅವರೂ ಇದ್ದ ತಂಡ, ಬೇರೆ ಬೇರೆ ಕಡೆ ಬೆಳೆಸಿದ ಹರಳುಗಳನ್ನು ತಂದು ಕೂತಿತು. ಹರಳಿನ ಒಳಗನ್ನು ನ್ಯೂಟ್ರಾನುಗಳಿಂದ ನೋಡಬೇಕಿತ್ತು, ಸಾಮಾನ್ಯ ಡಿಸ್ಪ್ರೋಸಿಯಂ ಅವನ್ನು ನುಂಗಿಹಾಕುತ್ತದೆ, ಆದ್ದರಿಂದ ಆಯ್ದ ಐಸೊಟೋಪಿನ ಹರಳುಗಳನ್ನೇ ಬಳಸಿದರು. 0.35 ಕೆಲ್ವಿನ್ನಿನಲ್ಲಿ ಹತ್ತು ಲಕ್ಷ ಸೆಕೆಂಡು ಕಾದರು, ಎಂದರೆ ಹನ್ನೊಂದೂವರೆ ದಿನ. ಎರಡು ಒಳಕ್ಕೆ, ಎರಡು ಹೊರಕ್ಕೆ ಎಂಬ ನಿಯಮದ ಗುರುತು ಎಳ್ಳಷ್ಟೂ ಮಾಸಿರಲಿಲ್ಲ. ಎಂಟ್ರೊಪಿ ಕಡಿಮೆಯಾದ ಸುಳಿವೂ ಇಲ್ಲ. ಆಮೇಲೆ ಅವರು 1999ರ ಪುಟಕ್ಕೆ ಹೋಗಿ, ಡಿಸ್ಪ್ರೋಸಿಯಂನ ಪರಮಾಣು ಬೀಜಗಳು ಹೀರುವ ಶಾಖದ ಪಾಲನ್ನು ಜಾಗ್ರತೆಯಿಂದ ಬೇರ್ಪಡಿಸಿ ಮತ್ತೆ ಕೂಡಿ ಕಳೆದರು. ಆ ಹಳೆಯ ಅಳತೆ ಅವಸರದ್ದೆಂಬುದು ನಿಜವೇ. ಆದರೆ ಒಂದು ಕಡೆ ಬಿಟ್ಟುಹೋದದ್ದೂ ಇನ್ನೊಂದು ಕಡೆ ಸೇರಿಹೋದದ್ದೂ ಒಂದನ್ನೊಂದು ಹೊಡೆದುಹಾಕಿದ್ದರಿಂದ ಕೊನೆಯ ಮೊತ್ತ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಇಂಥ ತಾಳೆಪಟ್ಟಿಗೆ ನನಗೆ ಗೊತ್ತಿರುವ ಯಾವ ಗುಮಾಸ್ತರೂ ರುಜು ಹಾಕುತ್ತಿರಲಿಲ್ಲ. ಭೌತವಿಜ್ಞಾನಿಗಳು ಹಾಕಿದ್ದಾರೆ, ಪಕ್ಕದಲ್ಲಿ ಕಾರಣವನ್ನೂ ಬರೆದಿಟ್ಟು.